ಗಾಳಿ ಪಂಕಾ ನಿಲ್ಲಿಸಿದ ಅಯ್ಯಾರು

ಬಸಯ್ಯ ನಕ್ಕರೆ ಎದುರಿಗಿದ್ದವನಿಗೆ ತಾನೇನೋ ಬೆಪ್ಪುತನ ಮಾಡಿದ್ದೇನೆ ಅನ್ನಿಸುತ್ತಿತ್ತು. ಬಾಯಿ ತೆರೆದು ನಗುವ ಮನುಷ್ಯನಲ್ಲ. ತುಟಿಯ ಎಡಮೂಲೆ ಸ್ವಲ್ಪ ಮೇಲೇಳುತ್ತಿತ್ತು, ಅಷ್ಟೆ. ಸವದತ್ತಿಯಿಂದ ಮುನವಳ್ಳಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ಹೊರಳಿದರೆ ಸಿಗುವ ಬಿಳಿಗಲ್ಲಕೊಪ್ಪದಲ್ಲಿ ಆ ತುಟಿಯ ಮೂಲೆಗೆ ಅಂಜದವರು ಕಡಿಮೆ. ಮಗಳ ಲಗ್ನಪತ್ರಿಕೆಗೆ ಬಂಗಾರದ ಬಣ್ಣ ಹಾಕಿಸಿದವರು, ಎಲೆಕ್ಷನ್ನಿಗೆ ನಿಂತವರು, ಸವದತ್ತಿಯ ಗುಡ್ಡಕ್ಕೆ ಹರಕೆ ಹೊತ್ತವರು, ಯಾರೇ ಆಗಲಿ ಅವನ ಅಂಗಡಿಯ ಮುಂದೆ ಬಂದಾಗ ನಡಿಗೆ ಚುರುಕು ಮಾಡುತ್ತಿದ್ದರು.

ಅದು ರೇಡಿಯೋ, ಟಿವಿ ರಿಪೇರಿಯ ಅಂಗಡಿ. ಬಸಯ್ಯ ಹುಟ್ಟಿದ್ದು ಅಯ್ಯನವರ ಮನೆಯಲ್ಲಿ. ಅವನಪ್ಪ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ, ಕೂಸಿಗೆ ಹೆಸರಿಡುವಾಗ, ಹೊಸ ಮನೆ ಹೊಗುವಾಗ, ಸತ್ತವರಿಗೆ ಮಣ್ಣು ಕೊಡುವಾಗ ಮಂತ್ರ ಹೇಳಿ ಬದುಕಿದವರು. ಅವರ ಬಾಯಿಂದ ಬಂದ ಮಾತು ಹುಸಿಯಾಗುವುದಿಲ್ಲವೆಂದು ಜನ ಕಾಲಿಗೆ ಬೀಳುತ್ತಿದ್ದರು. ಎಷ್ಟು ಮಾತು ಹುಸಿಯಾದವೆಂಬುದು ಮನೆಯಲ್ಲೇ ಬೆಳೆದ ಮಗನಿಗೆ ಗೊತ್ತಿತ್ತು. ಅವನು ಬೆಳಗಾವಿಗೆ ಹೋಗಿ ಐಟಿಐ ಮುಗಿಸಿ, ತೊಂಬತ್ತರ ದಶಕದ ಸುರುವಿಗೆ ಊರಿಗೆ ಮರಳಿದ. ಅಪ್ಪನ ಜೋಳಿಗೆಯನ್ನು ಗೂಟಕ್ಕೆ ಹಾಕಿ, ತಗಡಿನ ಅಂಗಡಿಯೊಂದನ್ನು ಎಬ್ಬಿಸಿ, ಸೋಲ್ಡರಿಂಗ್ ಕಡ್ಡಿ ಹಿಡಿದು ಕುಳಿತ. ಜನ ಅವನನ್ನು ಅಯ್ಯಾರ ಎಂದು ಕರೆಯುವುದನ್ನು ಮಾತ್ರ ಬಿಡಲಿಲ್ಲ. ಅದೂ ಅವರ ದಡ್ಡತನದ ಲೆಕ್ಕಕ್ಕೆ ಸೇರಿತು.

ಊರಿಗೆ ಕರೆಂಟು ಬಂದು ಬಹಳ ವರ್ಷವಾಗಿತ್ತು. ಬಂದ ಮೇಲೆ ಉಳಿಯುವುದನ್ನು ಅದು ಕಲಿತಿರಲಿಲ್ಲ. ರವಿವಾರದ ಧಾರಾವಾಹಿ ತಪ್ಪಬಾರದೆಂದು ಜನ ಟ್ರ್ಯಾಕ್ಟರಿನ ಬ್ಯಾಟರಿ ಹೊತ್ತು ತಂದು ಬಸಯ್ಯನ ಹತ್ತಿರ ಚಾರ್ಜಿಗೆ ಇಡುತ್ತಿದ್ದರು. ಕರೆಂಟು ಹೋದಾಗ ಅವನು ಚಿಮಣಿ ಎಣ್ಣೆಯ ಜನರೇಟರು ಹಚ್ಚುತ್ತಿದ್ದ. ಅದರ ಗದ್ದಲಕ್ಕೆ ಪಕ್ಕದ ಸಾಲಿಯಲ್ಲಿ ಪಾಠ ನಿಲ್ಲುತ್ತಿತ್ತು, ಹೊಗೆಗೆ ಎದುರು ಮನೆಯವರ ಬಿಳಿ ಧೋತರ ಕಪ್ಪಾಗುತ್ತಿತ್ತು. ಬಸಯ್ಯನಿಗೆ ಅದು ವಿಜ್ಞಾನದ ಸದ್ದು.

ಊರ ಗುಡ್ಡದ ಮೇಲೆ ಕರೆಂಟು ಹುಟ್ಟಿಸುವ ಗಾಳಿ ಪಂಕಾ ಬರುತ್ತವೆಂಬ ಸುದ್ದಿ ಹಬ್ಬಿದ್ದು ಎರಡು ಸಾವಿರದ ಒಂದರಲ್ಲಿ. ಗುಡ್ಡದ ನೆತ್ತಿಯ ಕಲ್ಲುಭೂಮಿ ಮಡಿವಾಳೆಪ್ಪ ಗೌಡರದು. ಕುರಿಗಳು ಕೂಡ ಒಲ್ಲದ ಮನಸ್ಸಿನಿಂದ ಹತ್ತುತ್ತಿದ್ದ ಜಾಗ. ಯಾವುದೋ ದೂರದ ಕಂಪನಿ ಅದನ್ನು ಕೊಂಡ ಮೇಲೆ ಗೌಡರು ತಾವು ಹುಟ್ಟಿನಿಂದಲೇ ಗಾಳಿಯ ಬೆಲೆ ಬಲ್ಲವರಂತೆ ಮಾತಾಡತೊಡಗಿದರು. ಪಂಕಾದ ರೆಕ್ಕೆಗಳು ಉದ್ದನ್ನ ಗಾಡಿಗಳ ಮೇಲೆ ಮಲಗಿ, ಬೇವಿನ ಟೊಂಗೆ ಮುರಿಯುತ್ತ, ಬಸ್‌ಸ್ಟ್ಯಾಂಡಿನ ಗೋಡೆ ಕೆಡವುತ್ತ ಊರೊಳಗೆ ಹಾದಾಗ ಹೆಂಗಸರು ಓಡಿಬಂದು ಕುಂಕುಮ ಹಚ್ಚಿದರು, ತೆಂಗಿನಕಾಯಿ ಒಡೆದರು. ಬಸಯ್ಯ ಅಂಗಡಿಯ ಬಾಗಿಲಲ್ಲಿ ನಿಂತು ನೋಡಿ, ದೇವರೇನೂ ಬಂದಿಲ್ಲ, ಮೇಜಿನ ಮೇಲಿನ ಫ್ಯಾನಿನ ಅಣ್ಣ ಬಂದಿದ್ದಾನೆ ಎಂದು ಒಳಗೆ ಹೋದ.

ಉದ್ಘಾಟನೆಯ ದಿನ ಶಾಮಿಯಾನಾ ಹಾಕಿದರು. ಬೆಳಗಾವಿಯಿಂದ ಬಂದ ಬಿಳಿಯಂಗಿಯ ದೊಡ್ಡವರೊಬ್ಬರು, ಭೂಮಿ ವರ್ಷದಿಂದ ವರ್ಷಕ್ಕೆ ಬಿಸಿಯಾಗುತ್ತಿದೆ, ಕಲ್ಲಿದ್ದಲಿನ ಹೊಗೆಯೇ ಅದಕ್ಕೆ ಮೂಲ, ಬಿಳಿಗಲ್ಲಕೊಪ್ಪದ ಗಾಳಿ ಇಡೀ ಜಗತ್ತನ್ನು ತಂಪು ಮಾಡಲಿದೆ ಎಂದು ಭಾಷಣ ಮಾಡಿದರು. ಅವರ ಮೈಕಿಗೆ, ಅವರ ಎರಡೂ ಬದಿಯ ಫ್ಯಾನುಗಳಿಗೆ ಕರೆಂಟು ಕೊಡಲು ಶಾಮಿಯಾನಾದ ಹಿಂದೆ ಲಾರಿಯಷ್ಟು ದೊಡ್ಡ ಡೀಸೆಲ್ ಜನರೇಟರು ಗುಡುಗುತ್ತಿತ್ತು. ಜನ ಚಪ್ಪಾಳೆ ಹೊಡೆದರು. ಪಂಕಾ ತಿರುಗಿದವು. ಹುಟ್ಟಿದ ಕರೆಂಟು ತಂತಿ ಹಿಡಿದು, ಊರಿನ ತಲೆಯ ಮೇಲೆ ಹಾದು, ಸವದತ್ತಿಯ ಕಡೆ ಹೊರಟುಹೋಯಿತು. ಸಂಜೆಗೆ ಊರಲ್ಲಿ ಎಂದಿನ ಕತ್ತಲೆ. ಆವತ್ತು ಬಸಯ್ಯನ ತುಟಿಯ ಮೂಲೆ ಇಳಿಯಲೇ ಇಲ್ಲ, ಮತ್ತು ಆವತ್ತಿನ ಮಟ್ಟಿಗೆ ಅವನು ನಕ್ಕದ್ದರಲ್ಲಿ ತಪ್ಪೂ ಇರಲಿಲ್ಲ.

ಮರುವರ್ಷ ಮಳೆ ಕೈಕೊಟ್ಟಿತು. ಅದರ ಮರುವರ್ಷ ಬೇಸಿಗೆ ಮೊದಲಿಗಿಂತ ಜೋರಾಗಿ ಕಾಯಿತು. ಆ ಬೇಸಿಗೆಯಲ್ಲೇ ಪೂನಮ್ ಎಂಬ ಹುಡುಗಿ ಊರಿಗೆ ಬಂದಳು. ರಾಮದುರ್ಗದವಳು, ತಂದೆ ಸತ್ಯಪ್ಪ ಅಲ್ಲಿ ಪೋಸ್ಟ್‌ಮನ್. ಧಾರವಾಡದಲ್ಲಿ ಎಂಎಸ್ಸಿ ಮುಗಿಸಿ ಒಂದು ಸಂಸ್ಥೆ ಸೇರಿದ್ದಳು. ಯಾವ ಮನೆಯಲ್ಲಿ ಎಷ್ಟು ಕಟ್ಟಿಗೆ, ಕುಳ್ಳು, ಚಿಮಣಿ ಎಣ್ಣೆ, ಡೀಸೆಲ್, ಕರೆಂಟು ಖರ್ಚಾಗುತ್ತದೆ ಎಂದು ಕೇಳಿ ತಿಳಿಯುವುದು, ಊರಿನ ಬಿಸಿಲನ್ನು ಅಳೆದಿಡುವುದು ಅವಳ ಕೆಲಸ. ಊರಲ್ಲಿ ಮಿಷನ್ ತಿಳಿದವರೆಂದರೆ ಅಯ್ಯಾರೇ ಎಂದು ಜನ ಅವಳನ್ನು ಬಸಯ್ಯನ ಹತ್ತಿರ ಕಳಿಸಿದರು. ಜಾತಿಗೀತಿ ತಾನು ನಂಬುವವನಲ್ಲ ಎಂದು ಎಲ್ಲರೆದುರು ಹೇಳುತ್ತಿದ್ದ ಬಸಯ್ಯ ಅವಳ ಹೆಸರು, ಅಪ್ಪನ ಹೆಸರು, ಓಣಿಯ ಹೆಸರು ಕೇಳಿಕೊಂಡು, ಚಹವನ್ನು ಮನೆಯಿಂದ ತರಿಸದೆ ಹೋಟೆಲಿನಿಂದ ತರಿಸಿದ. ಅವಳಿಗೆ ಅದು ತಿಳಿಯದೆ ಇರಲಿಲ್ಲ. ಚಹ ಕುಡಿದು ಕೆಲಸದ ಮಾತಿಗೆ ಬಂದಳು.

ಅಮೇರಿಕಾದವರು ಏಸಿ ಹಾಕಿಕೊಂಡು ಕುಳಿತರೆ ನಮ್ಮ ಹೆಣ್ಣುಮಕ್ಕಳು ರೊಟ್ಟಿ ಬಡಿಯುವುದನ್ನು ಬಿಡಬೇಕೇ ಎಂದು ಬಸಯ್ಯ ಕೆಣಕಿದ.

“ಬಿಡಬ್ಯಾಡ್ರಿ,” ಅಂದಳು ಪೂನಮ್. “ಆದ್ರ ಯಾರದು ಎಷ್ಟು ಅಂತ ಅಳೀಲಿಲ್ಲಂದ್ರ, ಎಲ್ಲಾರೂ ಮಂದಿ ಕಡೆನs ಬಟ್ಟ ತೋರಿಸ್ಕೋತ ಕುಂದ್ರತಾರ.”

ಅವಳು ಒಂದು ಥರ್ಮಾಮೀಟರು ಕೊಟ್ಟು, ನೆರಳಿನಲ್ಲಿ ತೂಗುಹಾಕಿ ದಿನಾ ನೋಡಿ ಬರೆದಿಡಲು ಹೇಳಿ ಹೋದಳು. ಬಸಯ್ಯ ಅದನ್ನು ಅಂಗಡಿಯ ಮುಂದಿನ ತಗಡಿಗೆ ಬಡಿದ, ಹೋಗಿ ಬರುವವರಿಗೆಲ್ಲ ಕಾಣಲಿ ಎಂದು. ಕಾದ ತಗಡಿನ ಮೇಲೆ ಅದರ ಪಾದರಸ ಹುಚ್ಚು ಹಿಡಿದಂತೆ ಏರಿತು. ಅರಬ್ ದೇಶಕ್ಕಿಂತ ಇಲ್ಲಿಯೇ ಬಿಸಿಲು ಹೆಚ್ಚೆಂದು ಅವನು ಜನರನ್ನು ನಿಲ್ಲಿಸಿ ಹೇಳಿದ. ಪೂನಮ್ ಮರಳಿ ಬಂದು ನೋಡಿ, ಒಂದೂ ಮಾತಾಡದೆ ಅದನ್ನು ಕಿತ್ತು, ಅಂಗಡಿಯ ಹಿಂದಿನ ಹುಣಸೆಮರದ ನೆರಳಿಗೆ ತೂಗುಹಾಕಿದಳು. ಮಾತಾಡದೆ ಇದ್ದುದೇ ಅವನಿಗೆ ಹೆಚ್ಚು ಚುಚ್ಚಿತು. ಅದರ ಮೇಲೆ ಇನ್ನೊಂದು: ಮನೆಮನೆ ತಿರುಗಿ ಮುಗಿಸಿದ ಮೇಲೆ ಅವಳು, ಊರಲ್ಲಿ ಎಲ್ಲರಿಗಿಂತ ಹೆಚ್ಚು ಹೊಗೆ ಬಿಡುವುದು ಗಿರಣಿಯೂ ಅಲ್ಲ, ಗೌಡರ ಟ್ರ್ಯಾಕ್ಟರೂ ಅಲ್ಲ, ಬಸಯ್ಯನ ಜನರೇಟರು ಎಂದು ಚಾವಡಿಯಲ್ಲಿ ಹೇಳಿದಳು. ಜನ ನಗಲಿಲ್ಲ. ನಗಲು ಅಂಜಿದರು.

ಜೂನ್ ಹೋಯಿತು, ಜುಲೈ ಹೋಯಿತು. ಕಿತ್ತೂರಿನ ಕಡೆಯಿಂದ ಮೋಡ ಏಳುತ್ತಿದ್ದವು, ಬೈಲಹೊಂಗಲದ ಮೇಲೆ ಕಪ್ಪಗಾಗುತ್ತಿದ್ದವು, ಸಂಗೊಳ್ಳಿಯಲ್ಲಿ ನಾಲ್ಕು ಹನಿ ಬಿದ್ದ ಸುದ್ದಿ ಬರುತ್ತಿತ್ತು, ಬಿಳಿಗಲ್ಲಕೊಪ್ಪದ ಗುಡ್ಡಕ್ಕೆ ಬರುವಷ್ಟರಲ್ಲಿ ಚದುರಿ ಹೋಗುತ್ತಿದ್ದವು. ಗುಡ್ಡದ ಮೇಲೆ ಪಂಕಾ ತಿರುಗುತ್ತಿದ್ದವು. ಕಣ್ಣಿಗೆ ಕಂಡದ್ದೆರಡನ್ನೂ ಜನ ಒಂದಕ್ಕೊಂದು ಗಂಟು ಹಾಕಿದರು. ಪಂಕಾ ಮೋಡ ಕಡಿಯುತ್ತವೆ ಎಂಬ ಮಾತು ಹುಟ್ಟಿತು. ಭೂಮಿಯನ್ನು ತಂಪು ಮಾಡುತ್ತೇವೆಂದು ಬಂದವರು ಮೋಡವನ್ನೇ ಬೀಸಿ ಓಡಿಸುತ್ತಿದ್ದಾರೆ ಎಂದರು.

ಒಂದು ಸಂಜೆ ಶಟ್ಟೆಪ್ಪ ಎಂಬ ರೈತ ನಾಲ್ಕು ಮಂದಿಯನ್ನು ಕಟ್ಟಿಕೊಂಡು ಅಂಗಡಿಗೆ ಬಂದ. ನೆಟ್ಟಗಿನ ಮನುಷ್ಯ, ಕೇಳುವುದನ್ನು ನೆಟ್ಟಗೆ ಕೇಳುವವನು. ಪಂಕಾ ನಿಜವಾಗಿಯೂ ಮೋಡ ಚದುರಿಸುತ್ತವೆಯೇ ಎಂದು ಕೇಳಿದ. ಬಸಯ್ಯ ಇಲ್ಲ ಎಂಬ ಒಂದು ಮಾತು ಹೇಳಿದ್ದರೆ ಬಹುಶಃ ಅವರು ಎದ್ದು ಹೋಗುತ್ತಿದ್ದರು. ಆದರೆ ತುಟಿಯ ಮೂಲೆ ಎದ್ದಿತು.

“ಮತ್ತೇನs? ಮೋಡಂದ್ರ ಹತ್ತಿ ಅಲ್ಲೇನು, ಗಾಳಿಗೆ ಹಾರಿ ಹೋಗತಾವ,” ಎಂದ. “ಹೋಗಿ ಪಂಕಾ ನಿಂದ್ರಸ್ರಿ. ನಿಂತ ಮರುದಿನ ಮಳಿರಾಯ ಬಂದು ನಿಮ್ಮ ಮನಿ ಬಾಗಲಾ ಬಡೀತಾನ. ಬಡೀಲಿಲ್ಲಂದ್ರ ನಾ ನಮ್ಮಪ್ಪನ ಮಗನs ಅಲ್ಲ.”

ಶಟ್ಟೆಪ್ಪ ನಗಲಿಲ್ಲ. ಕೈಮುಗಿದು ಎದ್ದ. ಹುಣಸೆಮರದ ಹತ್ತಿರ ಥರ್ಮಾಮೀಟರು ನೋಡುತ್ತಿದ್ದ ಪೂನಮ್ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನಿಮ್ಮ ಚೇಷ್ಟೆ ಅವರ ಕಿವಿಗೆ ಚೇಷ್ಟೆಯಾಗಿ ಬಿದ್ದಿಲ್ಲ, ಈಗಲೇ ಕರೆದು ಬಿಡಿಸಿ ಹೇಳಿ ಎಂದಳು. ಅಷ್ಟೂ ತಿಳಿಯದ ದಡ್ಡರಿಗೆ ಬಿಡಿಸಿ ಹೇಳಿ ಏನು ಫಾಯಿದೆ ಎಂದು ಬಸಯ್ಯ ಕೈ ಕೊಡವಿದ.

ಮರುದಿನ ಬೆಳಗಾಗುವಾಗ ಗುಡ್ಡದ ದಾರಿಗೆ ಚಕ್ಕಡಿಗಳು ಅಡ್ಡ ನಿಂತಿದ್ದವು. ಹೆಂಗಸರು, ಮುದುಕರು ದಾರಿಯ ಮೇಲೆ ಕುಳಿತಿದ್ದರು. ಅಯ್ಯಾರ ಅಪ್ಪಣೆಯಾಗಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಪೊಲೀಸರು ಬಂದರು, ತಹಶೀಲ್ದಾರರು ಬಂದರು, ಮಡಿವಾಳೆಪ್ಪ ಗೌಡರು ಬಂದು ಬೈಸಿಕೊಂಡು ಹೋದರು. ಕೊನೆಗೆ ಕಂಪನಿಯವರು, ತಂಟೆ ಬೇಡವೆಂದು, ನಾಲ್ಕು ದಿನದ ಮಟ್ಟಿಗೆ ಪಂಕಾ ನಿಲ್ಲಿಸಿದರು.

ಮರುದಿನ ಮಳೆ ಬರಲಿಲ್ಲ. ಬಸಯ್ಯ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕುಳಿತು ಆಕಾಶ ನೋಡಿದ, ಹೋಗಿ ಬರುವವರ ಮೋರೆ ನೋಡಿದ, ನಕ್ಕ. ಅದರ ಮರುದಿನವೂ ನಕ್ಕ. ಮೂರನೆಯ ದಿನ ಮಧ್ಯಾಹ್ನ ಪಡುವಣ ದಿಕ್ಕು ಕಪ್ಪೇರಿ, ಗಾಳಿ ಬಿಟ್ಟು, ಎರಡು ವರ್ಷದ ಬಾಕಿಯನ್ನು ಒಂದೇ ಸಂಜೆಗೆ ತೀರಿಸುವಂತೆ ಮಳೆ ಹೊಯ್ಯಿತು. ಆವತ್ತು ಮಳೆ ಮುನವಳ್ಳಿಯಲ್ಲೂ ಆಯಿತು, ರಾಮದುರ್ಗದಲ್ಲೂ ಆಯಿತು, ಪಂಕಾ ಇದ್ದ ಊರು ಇಲ್ಲದ ಊರು ಎನ್ನದೆ ಎಲ್ಲ ಕಡೆ ಆಯಿತು. ಬಿಳಿಗಲ್ಲಕೊಪ್ಪದವರಿಗೆ ತಮ್ಮ ಊರಿನದೇ ಕಂಡಿತು. ಎರಡು ದಿನ ತಡವಾದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ; ಮಳೆರಾಯ ದೂರದಿಂದ ಬರಬೇಕಲ್ಲ ಎಂದರು.

ಬಸಯ್ಯನ ಅಂಗಡಿಯ ತಗಡು ಹಾರಿಹೋಗಿತ್ತು. ರಿಪೇರಿಗೆ ಬಂದ ಟಿವಿಗಳು ನೀರಲ್ಲಿ ಕುಳಿತಿದ್ದವು. ಅವನು ಒದ್ದೆ ಬನಿಯನ್ನಿನಲ್ಲಿ ಬಕೀಟು ಹಿಡಿದು ನೀರು ಎತ್ತಿ ಹೊರಗೆ ಚೆಲ್ಲುತ್ತಿದ್ದಾಗ ಡೊಳ್ಳು ಬಾರಿಸುತ್ತ ಊರೇ ಬಂತು. ಬಕೀಟನ್ನು ಕೈಯಿಂದ ಕಸಿದು, ಹೆಗಲ ಮೇಲೆ ಎತ್ತಿ ಗುಡಿಯ ಕಟ್ಟೆಯ ಮೇಲೆ ಕೂಡಿಸಿದರು. ಮೊದಲೇ ನೆನೆದಿದ್ದ ಕಾಲುಗಳನ್ನು ಮತ್ತೆ ತೊಳೆದು ಪೂಜೆ ಮಾಡಿದರು. ಅವನು ಬಿಡ್ರೋ ಎಂದು ಕೂಗಿದ್ದು ಡೊಳ್ಳಿನ ಸದ್ದಿನಲ್ಲಿ ಆಶೀರ್ವಾದದಂತೆಯೇ ಕೇಳಿಸಿರಬೇಕು.

ಮನೆಗೆ ಬಂದಾಗ ಹೆಂಡತಿ ಗಂಗವ್ವ ಅವನ ಹಣೆಯ ವಿಭೂತಿ ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು. ಮಾವನವರು ಜನ್ಮವಿಡೀ ತಿರುಗಿ ಗಳಿಸದ ಹೆಸರನ್ನು ನೀವು ಒಂದು ಹಾಳು ಮಾತಿನಲ್ಲಿ ಗಳಿಸಿದಿರಿ ಎಂದಳು.

ಆಮೇಲಿನ ತಿಂಗಳುಗಳು ಬಸಯ್ಯನಿಗೆ ಉಸಿರು ಕಟ್ಟಿಸಿದವು. ಅಂಗಡಿಗೆ ರೇಡಿಯೋ ಬರುವುದು ನಿಂತಿತು. ಇಂಥ ಅಯ್ಯಾರ ಕೈಯಲ್ಲಿ ರಿಪೇರಿ ಮಾಡಿಸುವುದು ಪಾಪವೆಂದು ಜನ ತಮ್ಮ ಟಿವಿಗಳನ್ನು ಮುನವಳ್ಳಿಗೆ ಒಯ್ದರು. ಬದಲಿಗೆ ಲಿಂಬೆಹಣ್ಣು ಬಂದವು, ಜ್ವರದ ಕೂಸುಗಳು ಬಂದವು, ಲಗ್ನವಾಗದ ಹುಡುಗಿಯರ ತಂದೆಗಳು ಬಂದರು. ಮನೆಗೆ ಜೋಳ, ಬೆಲ್ಲ, ಶೇಂಗಾ ತಾವಾಗಿ ಬಂದು ಬಿದ್ದವು. ಗಂಗವ್ವ ಗೂಟದ ಮೇಲಿನ ಜೋಳಿಗೆಯನ್ನು ಒಗೆದು ಒಣಹಾಕಿದಳು.

ಬಸಯ್ಯ ಒಂದು ದಿನ ಜನರನ್ನು ಚಾವಡಿಗೆ ಕರೆಸಿದ. ಪೂನಮ್‌ಗೂ ಫೋನ್ ಮಾಡಿ ಬರಹೇಳಿದ. ಅವಳು ಮೋಡ ಎಷ್ಟು ಎತ್ತರದಲ್ಲಿರುತ್ತವೆ, ಪಂಕಾ ಎಷ್ಟು ಎತ್ತರ ಎಂಬುದನ್ನು ಗೋಡೆಯ ಮೇಲೆ ಇದ್ದಿಲಿನಿಂದ ಬರೆದು ತೋರಿಸಿದಳು. ಮಳೆಗಾಲ ಏರುಪೇರಾಗಲು, ಬೇಸಿಗೆ ಬಿರುಸಾಗಲು ಜಗತ್ತಿನ ಎಲ್ಲ ಕಡೆಯ ಹೊಗೆ ಹೇಗೆ ಕಾರಣವಾಗುತ್ತದೆ ಎಂದು ತಿಳಿಯುವಂತೆ ಹೇಳಿದಳು. ಜನ ಗೌರವದಿಂದ ಕೇಳಿದರು.

“ಯವ್ವಾ, ನೀ ಹೇಳೂದು ಖರೆ ಇದ್ದೀತು,” ಎಂದ ಶಟ್ಟೆಪ್ಪ. “ನನ್ನ ಹೊಲಾ ತೊಯ್ದದ್ದೂ ಖರೆ ಐತಿ.”

ಬಸಯ್ಯನಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, ನಾನು ಆವತ್ತು ಆಡಿದ್ದು ಬರೀ ಚೇಷ್ಟೆ, ನೀವೆಲ್ಲ ಶುದ್ಧ ದಡ್ಡರೆಂದು ತಿಳಿದು ಆಡಿದ ಮಾತು, ನನ್ನಲ್ಲಿ ಯಾವ ಶಕ್ತಿಯೂ ಇಲ್ಲ, ನನ್ನಪ್ಪನಲ್ಲೂ ಇರಲಿಲ್ಲ ಎಂದು ಒದರಿದ. ಮುದುಕಿಯೊಬ್ಬಳು ಕಣ್ಣೊರೆಸಿಕೊಂಡು, ದೊಡ್ಡವರು ತಮ್ಮನ್ನು ತಾವು ಎಷ್ಟು ಸಣ್ಣವರನ್ನಾಗಿ ಮಾಡಿಕೊಳ್ಳುತ್ತಾರೆ ನೋಡಿ ಎಂದಳು. ಎಲ್ಲರೂ ಕೈಮುಗಿದರು.

ಇತ್ತ ಕಂಪನಿಯವರು ಪಂಕಾ ಸುರು ಮಾಡಿದಾಗಲೆಲ್ಲ ಚಕ್ಕಡಿಗಳು ದಾರಿಗೆ ಬಂದು ನಿಲ್ಲುತ್ತಿದ್ದವು. ಕೋರ್ಟು, ಪೊಲೀಸು ಎಂದು ತಿರುಗಿ ಬೇಸತ್ತು, ಕಂಪನಿಯ ಮ್ಯಾನೇಜರ್ ಒಬ್ಬ ಸೇಬುಹಣ್ಣಿನ ಬುಟ್ಟಿ ಹಿಡಿದು ಬಸಯ್ಯನ ಮನೆಗೆ ಬಂದ. ಇಂಜಿನಿಯರಿಂಗ್ ಓದಿದ ಮನುಷ್ಯ. ಸ್ವಾಮಿಗಳು ಒಂದು ಮಾತು ಹೇಳಿದರೆ ಪಂಕಾ ತಿರುಗುತ್ತವೆ ಎಂದು ಕೈಜೋಡಿಸಿದ. ಬಸಯ್ಯ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಈ ಭೂಮಿಯ ಮೇಲೆ ಬುದ್ಧಿ ಎಂಬುದು ಎಲ್ಲೂ ಉಳಿದಿಲ್ಲ ಅನ್ನಿಸಿತು. ಊರ ಬಾಗಿಲಿನ ಅಗಸಿಗೆ, ಸಾಲಿಗೆ, ಓಣಿಓಣಿಗೆ ಸೋಲಾರ್ ದೀಪ ಹಾಕಿಸಿಕೊಡುವುದಾದರೆ ನೋಡೋಣ ಎಂದ. ಮ್ಯಾನೇಜರ್ ಒಪ್ಪಿದ.

ಹೀಗೆ ಒಂದು ಸೋಮವಾರ ಬಸಯ್ಯ ಅಪ್ಪನ ಕಾವಿ ಶಲ್ಯ ಹೊದ್ದು, ಊರ ಜನರ ಮುಂದೆ ಗುಡ್ಡ ಹತ್ತಿದ. ಪಂಕಾದ ಕಂಬಕ್ಕೆ ವಿಭೂತಿ ಬಳಿದ. ಅಪ್ಪ ಕಲಿಸಿದ ಮಂತ್ರ ಯಾವುದೂ ನೆನಪಿಗೆ ಬರಲಿಲ್ಲ. ಐಟಿಐಯಲ್ಲಿ ಬಾಯಿಪಾಠ ಮಾಡಿದ್ದ ರೆಸಿಸ್ಟರಿನ ಅಳತೆ ತಿಳಿಸುವ ಬಣ್ಣಗಳ ಸಾಲನ್ನು, ಬ್ಲ್ಯಾಕ್ ಬ್ರೌನ್ ರೆಡ್ ಆರೆಂಜ್ ಎಂದು, ಮಂತ್ರದ ಧಾಟಿಯಲ್ಲಿ ಬೇಗಬೇಗ ಒದರಿದ. ಮೋಡಕ್ಕೂ ಪಂಕಾಕ್ಕೂ ರಾಜಿಯಾಗಿದೆ, ಇನ್ನು ಒಂದರ ತಂಟೆಗೆ ಒಂದು ಹೋಗುವುದಿಲ್ಲ ಎಂದು ಸಾರಿದ. ಮ್ಯಾನೇಜರನೂ ಕಣ್ಣುಮುಚ್ಚಿ ಕೈಮುಗಿದಿದ್ದ. ಪಂಕಾ ತಿರುಗಿದವು. ಚಕ್ಕಡಿಗಳು ಮನೆಗೆ ಹೋದವು. ಮುಂದಿನ ವರ್ಷ ಪಂಕಾ ತಿರುಗುತ್ತಿರುವಾಗಲೇ ಮಳೆ ಸರಿಯಾಗಿ ಆಯಿತು, ಅದೂ ಅಯ್ಯಾರ ಹೆಸರಿಗೆ ಜಮೆಯಾಯಿತು.

ಪೂನಮ್ ಇದನ್ನೆಲ್ಲ ಊರವರಿಂದ ಕೇಳಿ ತಿಳಿದು ಅಂಗಡಿಗೆ ಬಂದಳು. ಬಸಯ್ಯ ಜಾಣತನದ ಕಥೆ ಹೇಳುವವನಂತೆ ಎಲ್ಲವನ್ನೂ ಹೇಳಿದ, ಬಣ್ಣಗಳ ಮಂತ್ರ ಹೇಳುವಾಗ ತುಟಿಯ ಮೂಲೆ ಎತ್ತಿದ. ಅವಳು ನಗಲಿಲ್ಲ.

“ಖರೆ ಮಾತು ಒಂದs ಸಲ ಹೇಳಿದ್ರಿ, ಅದೂ ಬೈಕೋತ ಹೇಳಿದ್ರಿ,” ಎಂದಳು. “ಸುಳ್ಳಿಗೆ ಮಾತ್ರ ಗುಡ್ಡಾ ಹತ್ತಿ ಹೋದ್ರಿ. ಅವರು ದಡ್ಡರಲ್ಲರಿ ಅಯ್ಯಾರ. ಅವರನ್ನ ದಡ್ಡರನ್ನಾಗಿ ಇಟ್ಟರ ನಿಮಗ ಛಲೋ ಅನಸ್ತೈತಿ.”

ಹತ್ತು ಹನ್ನೆರಡು ವರ್ಷ ಊರನ್ನೇ ಹಂಗಿಸಿದವನು ಆವತ್ತು ಕರೆಂಟು ಹೋದರೂ ಜನರೇಟರು ಹಚ್ಚಲಿಲ್ಲ.

ಪೂನಮ್ ಅವನ ಅಂಗಡಿಗೆ ಬರುವುದನ್ನು ಬಿಟ್ಟಳು, ಊರಿಗೆ ಬರುವುದನ್ನು ಬಿಡಲಿಲ್ಲ. ಪ್ರತಿ ಬೇಸಿಗೆ ಬಂದು ಅಡುಗೆಮನೆಗಳಲ್ಲಿ ಕುಳಿತು, ಹೆಂಗಸರ ಜೊತೆ ರೊಟ್ಟಿ ತಿಂದು, ಒಲೆಯ ಬಾಯಿ ಸಣ್ಣದು ಮಾಡಿದರೆ ಎಷ್ಟು ಕಟ್ಟಿಗೆ ಉಳಿಯುತ್ತದೆ, ಹೊಗೆಗೆ ಕೊಳವೆ ಇಟ್ಟರೆ ಕೆಮ್ಮು ಹೇಗೆ ಕಡಿಮೆಯಾಗುತ್ತದೆ ಎಂದು ಅವರ ಕೈಯಿಂದಲೇ ಮಾಡಿಸಿ ತೋರಿಸಿದಳು. ಎರಡು ಸಾವಿರದ ಏಳರ ಹೊತ್ತಿಗೆ ಊರಿನ ಅರ್ಧ ಮನೆಗಳ ಮಾಳಿಗೆಯ ಮೇಲೆ ಹೊಗೆಕೊಳವೆ ಎದ್ದಿದ್ದವು. ಶಟ್ಟೆಪ್ಪನ ಮನೆಯದೇ ಮೊದಲನೆಯದು. ಇವರಿಗೆ ಏನು ಹೇಳಿದರೂ ತಲೆಗೆ ಹೋಗುವುದಿಲ್ಲ ಎಂದು ಬಸಯ್ಯ ಯಾರನ್ನು ಅನ್ನುತ್ತಿದ್ದನೋ ಅವರೇ ಈಗ ಸೀಎಫ್ಎಲ್ ಬಲ್ಬು ಎಷ್ಟು ಕರೆಂಟು ಉಳಿಸುತ್ತದೆ ಎಂದು ಅವನ ಅಂಗಡಿಯ ಮುಂದೆ ನಿಂತು ವಾದ ಮಾಡುತ್ತಿದ್ದರು. ಗಂಗವ್ವ ಕೂಡ ಗಂಡನನ್ನು ಕೇಳದೆ ಹೊಸ ಒಲೆ ಹಾಕಿಸಿದಳು. ಆ ದಿನ ಪೂನಮ್‌ಳನ್ನು ಮನೆಯೊಳಗೆ ಕೂಡಿಸಿ, ಮನೆಯ ಲೋಟದಲ್ಲೇ ಚಹ ಕೊಟ್ಟಳು. ಬಸಯ್ಯ ಅಂಗಳದಲ್ಲಿ ನಿಂತು ನೋಡಿದ.

ಕಂಪನಿಯ ಸೋಲಾರ್ ದೀಪಗಳು ಒಂದು ವರ್ಷ ಉರಿದು ಆರಿದವು. ಬಸಯ್ಯ ಒಂದೊಂದಾಗಿ ಅವನ್ನು ಬಿಚ್ಚಿ ರಿಪೇರಿ ಮಾಡಿದ. ಯಾರೂ ಕೇಳಿರಲಿಲ್ಲ, ಕೈಗೆ ಬೇರೆ ಕೆಲಸವೂ ಇರಲಿಲ್ಲ. ಜನರೇಟರನ್ನು ಗುಜರಿಯವನಿಗೆ ಹಾಕಿದ. ನಗುವುದು ಮಾತ್ರ ಅವನಿಗೆ ಆಗದೆ ಹೋಯಿತು. ನಕ್ಕರೆ ಅದಕ್ಕೊಂದು ಅರ್ಥ ಹುಡುಕುತ್ತಾರೆ, ಬೈದರೆ ಪ್ರಸಾದವೆಂದು ತೆಗೆದುಕೊಳ್ಳುತ್ತಾರೆ. ಹಾಗಾಗಿ ಆದಷ್ಟು ಬಾಯಿ ಮುಚ್ಚಿಕೊಂಡೇ ಇರುತ್ತಿದ್ದ. ಮಾತು ಕಡಿಮೆಯಾದಷ್ಟೂ ಜನರ ಭಕ್ತಿ ಹೆಚ್ಚಿತು.

ಒಂದು ಮೇ ತಿಂಗಳು, ಬಿಸಿಲು ಬಿಚ್ಚಿ ಸುರಿಯುವಾಗ, ಗೌಡರ ಮನೆಯ ಆಳೊಬ್ಬ ಬಂದು ಈ ವರ್ಷ ಮಳೆ ಹೇಗೆ ಎಂದು ಕೇಳಿದ. ಬಸಯ್ಯ ದೀಪದ ತಂತಿ ಬೆಸೆಯುತ್ತ, ತಲೆಯೆತ್ತದೆ, ನನಗೇನು ಗೊತ್ತು, ನೋಡೋಣ ಎಂದ. ಆಳು ಸಮಾಧಾನದಿಂದ ಕೈಮುಗಿದು ಹೊರಟ. ಓಣಿಯ ತಿರುವಿನಲ್ಲಿ ಯಾರೋ ಅವನನ್ನು ತಡೆದು ಕೇಳಿದ್ದು, ಅವನು ಉತ್ತರ ಕೊಟ್ಟದ್ದು ಬಸಯ್ಯನಿಗೆ ಸ್ಪಷ್ಟವಾಗಿ ಕೇಳಿಸಿತು.

“ಚಿಂತಿ ಮಾಡಬ್ಯಾಡ್ರಿ,” ಎನ್ನುತ್ತಿದ್ದ ಆಳು. “ಅಯ್ಯಾರು ನೋಡ್ಕೋತೇನಂದ್ರು.”